ತೋರಿಸುವವನ ಹೊಣೆ

(ತಿಪಟೂರು ತಾಲೂಕಿನ ಅರಳಗುಪ್ಪೆಯಲ್ಲಿ, ಕಿರುಚಿತ್ರ ತಯಾರಿಸಲು ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ಹತ್ತು ಹದಿನೈದು ನಿಮಿಷಗಳ ಒಂದು ಚಿತ್ರ ತಯಾರಿಸುವುದರಿಂದ ವಿದ್ಯಾರ್ಥಿಯೊಬ್ಬ ಏನನ್ನು ಕಲಿಯಬಲ್ಲ? ಚಿತ್ರೀಕರಿಸುವುದನ್ನೇ? ಅದನ್ನು ಇಂದು ಯಾರೂ ಕಲಿಸಬೇಕಾಗಿಲ್ಲ. ಮನೆಮನೆಯ ಮೊಬೈಲಿನಲ್ಲೂ ಕ್ಯಾಮೆರಾ ಇದೆ. ಬಸ್ ನಿಲ್ದಾಣದಲ್ಲಿ ಜಗಳವಾದರೆ ಬಿಡಿಸಲು ಇಬ್ಬರು ಬಂದರೆ ಚಿತ್ರೀಕರಿಸಲು ಇಪ್ಪತ್ತು ಮಂದಿ ಬರುತ್ತಾರೆ. ಆ ಅರ್ಧ ನಿಮಿಷದ ತುಣುಕು ಸಂಜೆಯೊಳಗೆ ಊರೂರು ಸುತ್ತುತ್ತದೆ. ಜಗಳಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಎಂದು ಕೇಳುವವರಿಲ್ಲ. ಚಿತ್ರೀಕರಿಸಿದವನಿಗೆ ಹೆಸರೂ ಇಲ್ಲ, ಹೊಣೆಯೂ ಇಲ್ಲ. ಇಂಥ ತುಣುಕುಗಳಿಂದ ನೆರೆಹೊರೆಯವರು ಪರಸ್ಪರ ಮುಖ ನೋಡದಂತಾದುದನ್ನು ನಾವು ಕಂಡಿದ್ದೇವೆ.

ಕಿರುಚಿತ್ರ ಹಾಗಲ್ಲ. ಅದರ ಕೊನೆಯಲ್ಲಿ ನಿಮ್ಮ ಹೆಸರು ಬರುತ್ತದೆ. ತೋರಿಸಿದ್ದಕ್ಕೂ ತೋರಿಸದೆ ಬಿಟ್ಟದ್ದಕ್ಕೂ ನೀವು ಉತ್ತರ ಹೇಳಬೇಕಾಗುತ್ತದೆ. ಕಿರುಚಿತ್ರ ಕಲಿಸುವ ಮುಖ್ಯ ಪಾಠ ಈ ಹೊಣೆಗಾರಿಕೆಯೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ.

2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಇರುವ 'ಲಾ ಸಿನೆಫ್' ವಿಭಾಗದ ಪ್ರಥಮ ಪ್ರಶಸ್ತಿಯು ಒಂದು ಕನ್ನಡ ಕಿರುಚಿತ್ರಕ್ಕೆ ದೊರೆಯಿತು. ಜಗತ್ತಿನ 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಅವುಗಳಲ್ಲಿ ಮೊದಲನೆಯದಾಗಿ ನಿಂತದ್ದು ಚಿದಾನಂದ ಎಸ್. ನಾಯ್ಕ್ ನಿರ್ದೇಶಿಸಿದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಸೂರ್ಯಕಾಂತಿಗಳಿಗೇ ಮೊದಲು ತಿಳಿಯಿತು ಎಂದು ಅದರ ಅರ್ಥ. ಅವಧಿ 16 ನಿಮಿಷ. ನಾಯ್ಕ್ ಅವರು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ವೈದ್ಯರು. ಬಳಿಕ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಒಂದು ವರ್ಷದ ಕೋರ್ಸಿಗೆ ಸೇರಿದರು. ಈ ಚಿತ್ರ ಆ ಕೋರ್ಸಿನ ವರ್ಷಾಂತ್ಯದ ಅಭ್ಯಾಸ.

ಅದರ ಕಥೆ ಏನು? ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಹುಂಜ ಕೂಗದ ಊರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕನ್ನಡದ ಮಕ್ಕಳು ಅಜ್ಜಿಯರ ಬಾಯಲ್ಲಿ ಕೇಳುತ್ತ ಬಂದ ಜಂಬದ ಮುದುಕಿ ಮತ್ತು ಹುಂಜದ ಕಥೆಯ ಬಳಗಕ್ಕೆ ಸೇರಿದ್ದು ಇದು. ತಾನು ಬಾಲ್ಯದಿಂದಲೂ ಇದನ್ನು ಮನಸ್ಸಿನಲ್ಲಿ ಹೊತ್ತುಕೊಂಡಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. ಇಲ್ಲಿದೆ ಮೊದಲ ಪಾಠ: ಕಥೆಯನ್ನು ಹುಡುಕಿಕೊಂಡು ದೂರ ಹೋಗಬೇಡಿ. ಪರದೇಶದ ತೀರ್ಪುಗಾರರು ಮೆಚ್ಚಿದ್ದು ಪರದೇಶದ ಅನುಕರಣೆಯನ್ನಲ್ಲ, ನಮ್ಮ ಅಜ್ಜಿಯ ಕಥೆಯನ್ನು.

ಎರಡನೆಯ ಪಾಠ, ಮಿತಿಗಳ ಕುರಿತಾದದ್ದು. ಆ ತಂಡಕ್ಕೆ ದೊರೆತ ಚಿತ್ರೀಕರಣದ ಅವಧಿ ಕೇವಲ ನಾಲ್ಕು ದಿನ. ಕಥೆಯಲ್ಲಿ ಸೂರ್ಯನೇ ಇಲ್ಲದ ಕಾರಣ ರಾತ್ರಿಯಲ್ಲೇ ದುಡಿಯಬೇಕಿತ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಹೀಗೆ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಒಂದುಗೂಡಿ ಅದನ್ನು ಮುಗಿಸಿದರು. ದಿನಗಳು ಕಡಿಮೆಯಿದ್ದಾಗ ಯಾವ ದೃಶ್ಯ ಅನಿವಾರ್ಯ, ಯಾವುದು ಕೇವಲ ಆಸೆ ಎಂದು ಮೊದಲೇ ನಿರ್ಧರಿಸಬೇಕಾಗುತ್ತದೆ. ನಿರ್ದೇಶಕ ಎಷ್ಟೇ ಬುದ್ಧಿವಂತನಾಗಿರಲಿ, ಧ್ವನಿ ಹಿಡಿಯುವವನು ನಿರ್ಲಕ್ಷಿಸಿದರೆ ಎಲ್ಲರ ಶ್ರಮವೂ ವ್ಯರ್ಥ. ತನ್ನ ಕೆಲಸ ಇನ್ನೊಬ್ಬರ ಕೆಲಸದ ಮೇಲೆ ನಿಂತಿದೆ ಎಂಬ ಅರಿವು ತರಗತಿಯ ಪರೀಕ್ಷೆಯಲ್ಲಿ ದೊರೆಯುವಂಥದ್ದಲ್ಲ.

ಮೂರನೆಯದು ತಾಳ್ಮೆ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಅವರ ಮೊದಲ ಕಿರುಚಿತ್ರ 'ಬ್ರೆಡ್ ಆಂಡ್ ಅಲ್ಲಿ' 1970ರದು. ರೊಟ್ಟಿ ಹಿಡಿದು ಮನೆಗೆ ಹೊರಟ ಬಾಲಕನಿಗೆ ಓಣಿಯಲ್ಲಿ ನಾಯಿಯೊಂದು ಅಡ್ಡವಾಗುತ್ತದೆ. ಅವನು ಭಯಪಡುತ್ತಾನೆ, ಕೊನೆಗೆ ರೊಟ್ಟಿಯ ಚೂರೊಂದನ್ನು ಅದಕ್ಕೆ ಎಸೆಯುತ್ತಾನೆ. ನಾಯಿ ಬಾಲವಾಡಿಸುತ್ತ ಅವನ ಜೊತೆಗೇ ನಡೆಯುತ್ತದೆ. ಇಷ್ಟೇ. ಬಾಲಕನನ್ನೂ ನಾಯಿಯನ್ನೂ ಬಿಡಿಬಿಡಿಯಾಗಿ ಚಿತ್ರೀಕರಿಸಿ ಜೋಡಿಸೋಣ ಎಂದು ಛಾಯಾಗ್ರಾಹಕರು ವಾದಿಸಿದರು. ಇಬ್ಬರೂ ಒಂದೇ ದೃಶ್ಯದಲ್ಲಿ ಇರಬೇಕೆಂದು ಕಿಯಾರೊಸ್ತಮಿ ಹಟ ಹಿಡಿದರು. ಅದಕ್ಕಾಗಿ ದಿನಗಟ್ಟಲೆ ಕಾಯಬೇಕಾಯಿತು.

ಕಾಯುವುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕೇ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿ ಹುಟ್ಟುವುದೇ ಕಾಯುವಿಕೆಯಿಂದ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತೀರಿ. ಒಳಗಿನ ನೀರು ತಾನಾಗಿಯೇ ಇಂಗಬೇಕು, ತಿರುಳು ಕರಟವನ್ನು ಬಿಡಬೇಕು. ಅಲ್ಲಾಡಿಸಿದಾಗ ಕೊಬ್ಬರಿ ಒಳಗೆ ಉರುಳಾಡುವ ಸದ್ದು ಕೇಳಿದ ಮೇಲೆಯೇ ಸುಲಿಯುವುದು. ಅವಸರಪಟ್ಟು ಒಡೆದರೆ ಕಾಯಿ ಸಿಕ್ಕೀತು, ಉಂಡೆ ಕೊಬ್ಬರಿ ಸಿಗದು. ವಿಷಯವೂ ಹಾಗೆಯೇ. ಅದು ಮನಸ್ಸಿನಲ್ಲಿ ಮಾಗಿದ ಮೇಲೆ ಕ್ಯಾಮೆರಾ ತೆಗೆಯಿರಿ.

ನಾಲ್ಕನೆಯದು ಚೌಕಟ್ಟು. ನಿಮ್ಮೂರಿನ ಕಲ್ಲೇಶ್ವರ ದೇವಾಲಯವನ್ನು ನೋಡಲು ಎಲ್ಲೆಲ್ಲಿಂದಲೋ ಜನರು ಬರುತ್ತಾರೆ. ಒಂಬತ್ತನೆಯ ಶತಮಾನದ ನೊಳಂಬ ಶಿಲ್ಪಿಗಳು ಅದರ ಚಾವಣಿಯನ್ನು ಒಂಬತ್ತು ಅಂಕಣಗಳಾಗಿ ವಿಂಗಡಿಸಿದರು. ನಡುವೆ ನರ್ತಿಸುವ ಶಿವ, ಸುತ್ತ ಎಂಟು ದಿಕ್ಕುಗಳ ದಿಕ್ಪಾಲಕರು. ಯಾವುದು ನಡುವೆ ಇರಬೇಕು, ಯಾವುದು ಅಂಚಿನಲ್ಲಿರಬೇಕು ಎಂಬ ಅವರ ನಿರ್ಧಾರ ಸಾವಿರ ವರ್ಷಗಳ ಬಳಿಕವೂ ಸ್ಪಷ್ಟವಾಗಿದೆ. ಕ್ಯಾಮೆರಾ ಹಿಡಿದವನು ಮಾಡುವುದೂ ಇದನ್ನೇ. ಬಡವನ ಮನೆಯನ್ನು ಚಿತ್ರೀಕರಿಸುವಾಗ ಹರಿದ ಚಾಪೆಯನ್ನು ನಡುವೆ ಇಡುತ್ತೀರೋ, ಅದರ ಮೇಲೆ ಕುಳಿತು ಓದುತ್ತಿರುವ ಮಗುವನ್ನು ಇಡುತ್ತೀರೋ? ಎರಡೂ ನಿಜ. ಆದರೆ ನೋಡುವವರ ಮನಸ್ಸಿನಲ್ಲಿ ಆ ಮನೆಯ ಗೌರವ ಉಳಿಯುವುದೋ ಅಳಿಯುವುದೋ ಎಂಬುದು ನಿಮ್ಮ ಆಯ್ಕೆಯನ್ನು ಅವಲಂಬಿಸಿದೆ.

ಐದನೆಯದು ಎಲ್ಲಕ್ಕಿಂತ ಕಠಿಣ. ನೆರೆಮನೆಯ ದೋಷದತ್ತ ಕ್ಯಾಮೆರಾ ತಿರುಗಿಸುವುದು ಸುಲಭ, ಸ್ವಂತ ಮನೆಯತ್ತ ತಿರುಗಿಸುವುದು ಕಷ್ಟ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರ ತಯಾರಿಸಿದರು. ಗಂಡನು ಕೈಬಿಟ್ಟ ತಾಯಿಯೊಬ್ಬಳು ಜಮಾಅತ್‌ನ ಮುಂದೆ ನ್ಯಾಯ ಕೇಳುವ ಕಥೆ ಅದು. ಅಂಥ ಪ್ರಶ್ನೆಯನ್ನು ಹೊರಗಿನವರು ಎತ್ತಿದರೆ ನಾವು ಸಿಡಿಮಿಡಿಗೊಳ್ಳುತ್ತೇವೆ. ಆದರೆ ಅದನ್ನು ಬರೆದವರು ನಮ್ಮ ನಡುವಿನ ಹೆಣ್ಣುಮಗಳು. ಅದೇ ಲೇಖಕಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಹೆಮ್ಮೆಪಡುವುದು ಸುಲಭ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇವೆಯೇ?

ಸ್ವಂತ ಮನೆಯನ್ನು ತೋರಿಸುವುದೆಂದರೆ ಮನೆಯ ಗುಟ್ಟನ್ನು ಬೀದಿಗೆ ತರುವುದಲ್ಲ. ಸುದ್ದಿ ಬಂದಾಗ ಪರಿಶೀಲಿಸಿ, ಇತರರ ಖಾಸಗಿ ಬದುಕನ್ನು ಕೆದಕಬೇಡಿ ಎಂಬ ಎರಡು ಆದೇಶಗಳೂ ಪವಿತ್ರ ಕುರ್‌ಆನಿನ ಒಂದೇ ಅಧ್ಯಾಯದಲ್ಲಿವೆ, ಅಲ್ ಹುಜುರಾತ್‌ನಲ್ಲಿ. ಆದ್ದರಿಂದ ಅನುಮತಿಯಿಲ್ಲದೆ ಯಾರ ಮುಖವನ್ನೂ ಚಿತ್ರೀಕರಿಸಬೇಡಿ. ಕೇಳಿದಾಗ ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಹೆತ್ತವರಲ್ಲಿ ಎರಡು ಮಾತು. ಸಿನಿಮಾದ ಹುಚ್ಚು ಹಿಡಿದರೆ ಓದು ಕೆಡುತ್ತದೆ ಎಂಬ ನಿಮ್ಮ ಆತಂಕ ಸಹಜ. ಆದರೆ ನಾಯ್ಕ್ ವೈದ್ಯಕೀಯ ಶಿಕ್ಷಣ ಮುಗಿಸಿ ಬಂದವರು. ಕಾಸರವಳ್ಳಿ ಔಷಧ ವಿಜ್ಞಾನದ ಪದವೀಧರರು. ಪುಣೆಯಲ್ಲಿ ವಿದ್ಯಾರ್ಥಿಯಾಗಿ ಅವರು ತಯಾರಿಸಿದ 'ಅವಶೇಷ್' ರಾಷ್ಟ್ರಪ್ರಶಸ್ತಿ ಪಡೆಯಿತು, 1977ರ 'ಘಟಶ್ರಾದ್ಧ' ಸ್ವರ್ಣಕಮಲ ತಂದಿತು. ನಿಮ್ಮ ಮಕ್ಕಳೆಲ್ಲರೂ ನಿರ್ದೇಶಕರಾಗಬೇಕೆಂದು ನಾನು ಹೇಳುತ್ತಿಲ್ಲ. ಒಂದು ಚಿತ್ರ ತಯಾರಿಸಿದವನು ಮೊಬೈಲಿಗೆ ಬಂದ ತುಣುಕನ್ನು ಹಾಗೆಯೇ ನಂಬುವುದಿಲ್ಲ. ಎಲ್ಲಿ ಕತ್ತರಿಸಿದ್ದಾರೆ, ಯಾವ ಧ್ವನಿ ಸೇರಿಸಿದ್ದಾರೆ ಎಂದು ಅವನ ಕಣ್ಣು ಹುಡುಕುತ್ತದೆ. ಇಂದಿನ ದಿನಗಳಲ್ಲಿ ಇದು ಸಣ್ಣ ವಿದ್ಯೆಯೇ?

ಹೆಣ್ಣುಮಕ್ಕಳನ್ನು ಈ ತಂಡದಿಂದ ಹೊರಗಿಡಬೇಡಿ. ಕಾನ್‌ನಲ್ಲಿ ನಾಯ್ಕ್ ಪ್ರಥಮ ಪ್ರಶಸ್ತಿ ಪಡೆದ ವರ್ಷವೇ ಅದೇ ವಿಭಾಗದ ತೃತೀಯ ಪ್ರಶಸ್ತಿ ಮೀರತ್‌ನ ಮಾನ್ಸಿ ಮಹೇಶ್ವರಿ ಅವರದಾಯಿತು. ಅಡುಗೆ ಕೋಣೆಯ ಮಾತನ್ನು ಕೇಳಿಸಿಕೊಳ್ಳಬಲ್ಲವರು ಇಲ್ಲದ ತಂಡಕ್ಕೆ ಊರಿನ ಅರ್ಧವೇ ಕಾಣುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ವಿಷಯದ ಬರವಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂ. ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. ಆ ದಿನಗಳಲ್ಲಿ ಅಟ್ಟದ ಮೇಲಿನ ಕೊಬ್ಬರಿಯನ್ನು ಇಳಿಸಬೇಕೋ ಬೇಡವೋ ಎಂದು ಮನೆಯೊಳಗೆ ನಡೆದ ಮಾತುಕತೆಯೇ ಒಂದು ಚಿತ್ರ. ತೋಟದ ಒಡೆಯ, ಕಾಯಿ ಸುಲಿಯುವವನು, ಲಾರಿ ಚಾಲಕ ಮೂವರೂ ಮೂರು ಸಮುದಾಯದವರಾಗಿರಬಹುದು. ಬೆಲೆ ಬಿದ್ದಾಗ ಮೂವರ ಒಲೆಯೂ ತಣ್ಣಗಾಗುತ್ತದೆ. ಇದನ್ನು ಭಾಷಣದಲ್ಲಿ ಹೇಳಿದರೆ ಜನರು ಆಕಳಿಸುತ್ತಾರೆ, ಹತ್ತು ನಿಮಿಷ ತೋರಿಸಿದರೆ ನೋಡುತ್ತಾರೆ.

ಚಿತ್ರ ಸಿದ್ಧವಾದ ಮೇಲೆ ಅದನ್ನು ಸ್ಪರ್ಧೆಗೆ ಕಳುಹಿಸುವ ಮುನ್ನ, ಅದರಲ್ಲಿ ಕಾಣಿಸಿಕೊಂಡವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸಿ. ಮುಗಿದ ಬಳಿಕ ಎದ್ದು ಹೋಗದೆ ಅವರ ಮುಂದೆ ನಿಲ್ಲಿ. ನಮ್ಮನ್ನು ಸರಿಯಾಗಿ ತೋರಿಸಿದ್ದೀರಿ ಎಂದು ಕಾಯಿ ಸುಲಿಯುವವನು ಹೇಳಿದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ಇದು ಸರಿಯಲ್ಲ ಎಂದರೆ ಮತ್ತೆ ಸಂಕಲನಕ್ಕೆ ಕುಳಿತುಕೊಳ್ಳಿ.

ನಿಮ್ಮ ಪ್ರಯತ್ನಕ್ಕೆ ಅಲ್ಲಾಹನು ಯಶಸ್ಸು ನೀಡಲಿ.