ಪರದೇಶದಲ್ಲಿ ಅವರೆಯ ಬಳ್ಳಿ



ಬನ್ನೂರಿನ ಈ ಸಭೆಯಲ್ಲಿ ಒಕ್ಕಲುತನ ಅರಿಯದವರು ಯಾರಿದ್ದಾರೆ? ಬಿತ್ತುವುದನ್ನು ನಿಮಗೆ ನಾವು ಹೇಳಿಕೊಡಬೇಕಾದ್ದಿಲ್ಲ. ಆದರೆ ಅದೇ ವಿಷಯದಲ್ಲಿ ನಾವು ಒಮ್ಮೆ ತಪ್ಪಿದ್ದೇವೆ. ಅದನ್ನು ನಿಮ್ಮ ಮುಂದೆ ಹೇಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ಇದೇ ಊರಿನ ತಾಯಿಯೊಬ್ಬರು, ಯಜಮಾನರು ಲಿಂಗೈಕ್ಯರಾದ ಮೇಲೆ, ಅಮೆರಿಕೆಯ ಷಿಕಾಗೋದಲ್ಲಿರುವ ಮಗನ ಮನೆಗೆ ಹೊರಟು ಶ್ರೀಮಠಕ್ಕೆ ಬಂದರು. "ಬುದ್ಧೀ, ಅಲ್ಲಿ ಸುಮ್ಕೆ ಕೂರೋಕೆ ನನ್ ಕೈಲಾಗಾಕಿಲ್ಲ. ಹಿತ್ತಲಲ್ಲಿ ಅವರೆ ಹಾಕ್ತೀನಿ, ಒಳ್ಳೆ ದಿನ ಹೇಳಿ" ಎಂದರು. ನಾವು ಪಂಚಾಂಗ ತೆರೆದು, ಯುಗಾದಿಯ ಮೂರನೆಯ ದಿನ ಪ್ರಶಸ್ತವೆಂದು ಹೇಳಿ, ವಿಭೂತಿ ಕೊಟ್ಟು ಕಳುಹಿಸಿದೆವು. ವ್ಯಾಕರಣ, ಜ್ಯೋತಿಷ ಓದಿದ ನಮಗೆ ಆ ಪಂಚಾಂಗ ಯಾವ ನೆಲಕ್ಕೆ ಗಣಿಸಿದ್ದೆಂಬ ವಿಚಾರವೇ ಹೊಳೆಯಲಿಲ್ಲ!

ಅಲ್ಲಿ ಯುಗಾದಿಯ ವೇಳೆಗೆ ಮಣ್ಣು ಹಿಮದ ನೀರು ಕುಡಿದು ತಣ್ಣಗೆ ಬಿದ್ದಿರುತ್ತದೆ. ಬೀಜ ಮೊಳೆಯಲಿಲ್ಲ, ಕೊಳೆಯಿತು. ಇರುಳಿನಲ್ಲಿ ಹಿಮ ಕಟ್ಟುವ ಭಯ ಆ ಊರಿನಲ್ಲಿ ಮೇ ತಿಂಗಳ ನಡುವಿನವರೆಗೂ ತಪ್ಪಿದ್ದಲ್ಲ. ತಾಯಿ ಮೇ ಕೊನೆಗೆ ಪುನಃ ಬಿತ್ತಿದರು. ಬಳ್ಳಿ ಬೇಲಿಯನ್ನೆಲ್ಲ ಮುಚ್ಚಿತು. ಎಲೆಯೋ ಎಲೆ, ಹೂವಿಲ್ಲ.

ಏಕೆ? ನಮ್ಮಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಮಳೆಗಾಲಕ್ಕೆ ಬಿದ್ದ ಅವರೆ, ಹಗಲು ಕುಗ್ಗಿ ಇರುಳು ಹಿಗ್ಗಿದಾಗ ತಾನೇ ಹೂವಾಗುವುದು? ಮಾರ್ಗಶಿರ ಪುಷ್ಯದ ಸೊಗಡು ನಿಮಗೆಲ್ಲ ಗೊತ್ತು. ಬನ್ನೂರು 12 ಅಕ್ಷಾಂಶದ ಆಸುಪಾಸಿನದು. ಇಲ್ಲಿ ಅತಿ ದೀರ್ಘವಾದ ಹಗಲೂ 13 ಗಂಟೆ ದಾಟದು. ಷಿಕಾಗೋ 42ರ ಸಮೀಪದ್ದು. ಅಲ್ಲಿ ಜೂನ್ ತಿಂಗಳ ಹಗಲು 15 ಗಂಟೆಗೂ ಮಿಗಿಲು. ಬಳ್ಳಿ ತನ್ನ ಕಾಲ ಬರಲೆಂದು ಕಾದಿತ್ತು. ಕೊನೆಗೆ ಹೂ ಬಿಟ್ಟದ್ದು ಸೆಪ್ಟೆಂಬರ್ ಮುಗಿಯುವಾಗ. ಅಕ್ಟೋಬರಿನ ಒಂದು ರಾತ್ರಿ ಹಿಮ ಕಟ್ಟಿತು. ಬೆಳಗಾಗುವಷ್ಟರಲ್ಲಿ ಬಿಸಿನೀರು ಸುರಿದಂತೆ ಬಳ್ಳಿಯೆಲ್ಲ ಕಪ್ಪಾಗಿ ಜೋತುಬಿದ್ದಿತ್ತು.

ಅಂದು ಫೋನಿನಲ್ಲಿ ಆ ತಾಯಿ ಅತ್ತರು. "ನಾನೂ ಹಂಗೇ ಬುದ್ಧೀ, ಈ ನೆಲಕ್ಕೆ ಆಗಿಬರಾಕಿಲ್ಲ." ನಮ್ಮಲ್ಲಿ ಉತ್ತರವಿರಲಿಲ್ಲ. ಶ್ಲೋಕ ಹೇಳಿ ಸಮಾಧಾನಪಡಿಸುವ ಹೊತ್ತು ಅದಲ್ಲ.

ತಿಳಿದವರನ್ನು ವಿಚಾರಿಸಿದೆವು. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಂದೋ ಹೊರತಂದಿದೆ. ಮೂರು, ಮೂರೂವರೆ ತಿಂಗಳಿಗೆ ಕಾಯಿ ಬಲಿಯುತ್ತದೆ. ಆ ಬೀಜವನ್ನು ಯೋಗ್ಯ ಪ್ರಮಾಣಪತ್ರದೊಡನೆ ತರಿಸಿಕೊಂಡರು. (ಸೀರೆಯ ಮಡಿಕೆಯಲ್ಲಿ ಬೀಜ ಅಡಗಿಸಿ ಒಯ್ಯುವುದು ಸಲ್ಲದು, ತಾಯಂದಿರೇ. ಬೀಜದೊಡನೆ ರೋಗವೂ ಹೋಗುತ್ತದೆ.)

ಮುಂದಿನ ವರ್ಷ ಏಪ್ರಿಲ್ ಕೊನೆಗೆ ಮನೆಯೊಳಗೆ ಕಿಟಕಿಯ ಬಳಿ ಕುಂಡದಲ್ಲಿ ಸಸಿ ಮಾಡಿದರು. ನೆರೆಮನೆಯ ಬಿಳಿಯ ಮುದುಕರಿಗೆ ಇವರ ಮಾತು ಬಾರದು, ಇವರಿಗೆ ಅವರದು. ಅವರು ಈ ತಾಯಿಯ ಅಂಗೈಯನ್ನು ಮಣ್ಣಿಗೆ ಒತ್ತಿ, ತಣ್ಣಗಿದ್ದಾಗ ತಲೆಯಾಡಿಸಿ ಬೇಡವೆಂದರಂತೆ. ಎರಡು ವಾರದ ಮೇಲೆ ಪುನಃ ಒತ್ತಿಸಿ ನಕ್ಕರಂತೆ. ಅಂದೇ ನಾಟಿಯಾಯಿತು. ಆಗಸ್ಟ್ ಕಳೆಯುವ ಮುನ್ನವೇ ಹಿದುಕಿದ ಬೇಳೆಯ ಸಾರು ಬೇಲಿಯಾಚೆಗೂ ಹೋಯಿತು. ಖಾರಕ್ಕೆ ಆ ಮುದುಕರ ಕಣ್ಣಲ್ಲಿ ನೀರು ಬಂದರೂ ಪಾತ್ರೆ ಬರಿದಾಗಿ ಮರಳಿತು.

ಕಳೆದ ಸಲ ಊರಿಗೆ ಬಂದಾಗ ಆ ತಾಯಿ ಮಠಕ್ಕೆ ಬಂದಿದ್ದರು. ಅಭ್ಯಾಸಬಲದಿಂದ ನಮ್ಮ ಕೈ ಪಂಚಾಂಗದತ್ತ ಹೋಯಿತು. "ವಿಭೂತಿ ಕೊಡಿ ಸಾಕು ಬುದ್ಧೀ, ದಿನ ನಾನೇ ನೋಡ್ಕೊತೀನಿ" ಎಂದು ಅಂಗೈ ಚಾಚಿದರು.