ಆಂಗ್ಲಭಾಷೆಯ ಪಾಠಕ್ರಮ: ಒಂದು ವಿಚಾರ

 

ಈ ಶುಭಸಮಾರಂಭದಲ್ಲಿ ಆಂಗ್ಲಭಾಷೆಯ ಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮಠದ ಅಂಗಳದಲ್ಲಿ ಪರದೇಶದ ನುಡಿಯ ಚರ್ಚೆಯೇತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ಪ್ರಸಾದನಿಲಯಗಳಲ್ಲಿ ಉಂಡು ಓದುವ ಮಕ್ಕಳಲ್ಲಿ ಬಹುಮಂದಿ ಒಕ್ಕಲು ಮನೆತನದವರು. ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಸುಳಿಯದವರು. ಲೆಕ್ಕದಲ್ಲಿ ಚುರುಕು, ಕನ್ನಡದಲ್ಲಿ ಜಾಣನೆನಿಸಿದ ಹುಡುಗನು ಇದೊಂದು ವಿಷಯದಲ್ಲಿ ಎಡವಿ, ತಾನು ದಡ್ಡನೆಂದೇ ನಂಬಿ, ಶಾಲೆಗೆ ಬೆನ್ನು ತಿರುಗಿಸುವುದುಂಟು. ಆದುದರಿಂದ ಈ ವಿಚಾರವು ಇಲ್ಲಿಗೆ ಹೊರಗಿನದಲ್ಲ.

ಮೆಕಾಲೆಯು 1835ರಲ್ಲಿ ತನ್ನ ಟಿಪ್ಪಣಿಯನ್ನು ಬರೆದಂದಿನಿಂದ ಇಂಗ್ಲಿಷು ನಮಗೆ ಬೇಕೆ ಬೇಡವೆ ಎಂಬ ವಾದವು ನಡೆಯುತ್ತಲೇ ಬಂದಿದೆ. ಆ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಸೇರಿತು. ಕಲಿಸುವ ವರ್ಷಗಳು ಹೆಚ್ಚಿದುವು. ಆದರೆ ವರ್ಷಗಳು ಹೆಚ್ಚಿದ ಮಾತ್ರಕ್ಕೆ ವಿದ್ಯೆಯು ಹೆಚ್ಚುವುದೆ? ಕಲಿಸುವ ಕ್ರಮವಾವುದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಮೊದಲು ಮಗುವಿನ ಕಷ್ಟವನ್ನು ಅರಿಯೋಣ. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆಹ. ಇಂಗ್ಲಿಷಿನಲ್ಲಿ ಪಿ-ಯು-ಟಿ ಎಂಬುದು ‘ಪುಟ್’ ಆದರೆ, ಬಿ-ಯು-ಟಿ ಎಂಬುದು ‘ಬಟ್’ ಆಗುತ್ತದೆ. ‘ರಾಮನು ಊರಿಗೆ ಹೋದನು’ ಎಂಬಲ್ಲಿ ಕ್ರಿಯಾಪದವು ಕಡೆಯಲ್ಲಿದೆ; ಅಲ್ಲಿ ಅದು ನಡುವೆ ಬರಬೇಕು. ಊರಿನ ಬೆನ್ನಿಗೆ ಅಂಟಿದ ‘ಗೆ’ ಎಂಬ ಪ್ರತ್ಯಯವು ಅಲ್ಲಿ ‘ಟು’ ಎಂಬ ಬೇರೆ ಪದವಾಗಿ ಊರಿಗಿಂತ ಮುಂದೆ ನಿಲ್ಲುತ್ತದೆ. ಅದರ ಜೊತೆಗೆ ‘ದಿ’ ಎಂಬುದೊಂದು ಬರುತ್ತದೆ. ಅದಕ್ಕೆ ಸಮನಾದ ಪದವೇ ನಮ್ಮಲ್ಲಿಲ್ಲ. ‘ಹೋದನು’ ಎಂದರೆ ಹೋದವನು ಗಂಡಸು, ಒಬ್ಬನು ಎಂದು ಆ ಪದವೇ ಹೇಳುತ್ತದೆ. ‘ವೆಂಟ್’ ಎಂಬುದು ಇದೊಂದನ್ನೂ ಹೇಳದು. ಹೀಗಿರಲು ಹುಡುಗನು ತಪ್ಪಿದರೆ ಅದು ಬುದ್ಧಿಯ ಮಾಂದ್ಯವಲ್ಲ. ತಾಯ್ನುಡಿಯ ಅಭ್ಯಾಸವು ಅವನ ಕೈಹಿಡಿದು ತನ್ನ ದಾರಿಗೆ ಎಳೆಯುತ್ತಿದೆ, ಅಷ್ಟೆ. ಇದನ್ನು ತಿಳಿದ ಉಪಾಧ್ಯಾಯನು ಬೆತ್ತವನ್ನು ಹುಡುಕುವುದಿಲ್ಲ. ಎರಡು ನುಡಿಗಳ ಭೇದವನ್ನು ತಿಳಿಯಹೇಳುತ್ತಾನೆ.

ಇನ್ನು ಕ್ರಮದ ಮಾತು. ಢಾಕಾದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ಬಂಗಾಳದ ಶಾಲೆಗಳನ್ನು ಪರಿಶೀಲಿಸಿ 1926ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಕುರಿತ ಗ್ರಂಥವನ್ನು ಹೊರತಂದರು. ಶಾಲೆಗೆ ಸೇರಿದವರೆಲ್ಲ ಕಡೆಯವರೆಗೆ ಓದುವುದಿಲ್ಲ, ಬಹುಮಂದಿ ನಡುವೆಯೇ ಬಿಡುತ್ತಾರೆ ಎಂಬುದು ಅವರ ಕಣ್ಣಿಗೆ ಬಿತ್ತು. ಅವರು ವಿಮೆಯ ವ್ಯವಹಾರದಿಂದ ಒಂದು ಮಾತನ್ನು ತಂದರು. ವಿಮೆಯನ್ನು ಅವಧಿಗೆ ಮುಂಚೆ ನಿಲ್ಲಿಸಿದವನಿಗೆ ಎಷ್ಟು ಹಣ ಹಿಂದಕ್ಕೆ ಬರುವುದೋ ಅದು ಅದರ ಆಗಿನ ಬೆಲೆ. ಹಾಗೆಯೇ ನಡುವೆ ಶಾಲೆ ಬಿಟ್ಟ ಹುಡುಗನ ಕೈಯಲ್ಲಿ ಏನು ಉಳಿಯಿತು? ಹತ್ತು ವರ್ಷಗಳ ಮೇಲೆ ಫಲಿಸಲೆಂದು ಮೂರು ವರ್ಷ ಬರಿಯ ವ್ಯಾಕರಣಸೂತ್ರಗಳನ್ನು ಬಾಯಿಪಾಠ ಮಾಡಿಸಿದರೆ, ನಾಲ್ಕನೆಯ ವರ್ಷ ಹೊಲಕ್ಕೆ ಹೋದವನ ಬುತ್ತಿ ಬರಿದು. ಆದುದರಿಂದ ವೆಸ್ಟ್ ಅವರು ಮೊದಲು ಓದುವ ಶಕ್ತಿಯನ್ನು ಬೆಳೆಸಬೇಕೆಂದರು. ಹೊಸ ಪದಗಳು ಮಿತವಾಗಿದ್ದು, ಬಂದ ಪದಗಳು ಮತ್ತೆ ಮತ್ತೆ ಬರುವಂತಹ ವಾಚನ ಪುಸ್ತಕಗಳನ್ನು ರಚಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2000 ಮುಖ್ಯ ಪದಗಳ ಪಟ್ಟಿಯು ಲೋಕದಲ್ಲೆಲ್ಲ ಹೆಸರಾಯಿತು.

ಎರಡನೆಯ ನಿದರ್ಶನವು ನಮ್ಮ ಬೆಂಗಳೂರಿನದೇ. ಸುಲಭ ವಾಕ್ಯದಿಂದ ಕಠಿನ ವಾಕ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಒಂದೊಂದನ್ನೂ ಹಲವು ಬಾರಿ ಹೇಳಿಸುವ ಕ್ರಮವು ದಕ್ಷಿಣ ದೇಶದ ಶಾಲೆಗಳಲ್ಲಿ ರೂಢಿಯಾಗಿತ್ತು. ತರಗತಿಯಲ್ಲಿ ತಪ್ಪಿಲ್ಲದೆ ಒಪ್ಪಿಸಿದ ಹುಡುಗನು ಹೊರಗೆ ಬಂದೊಡನೆ ತೊದಲುತ್ತಿದ್ದನು. ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಆಂಗ್ಲಭಾಷಾ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಬೇರೊಂದು ಪ್ರಯೋಗವನ್ನು ನಡೆಸಿದರು. ಮನಸ್ಸು ಅರ್ಥದಲ್ಲಿ ತೊಡಗಿದಾಗಲೇ ಭಾಷೆಯ ಕಟ್ಟು ತಾನಾಗಿ ಮೈಗೂಡುವುದೆಂಬುದು ಅವರ ಮತ. ರೈಲಿನ ವೇಳಾಪಟ್ಟಿಯೊಂದನ್ನು ಮಕ್ಕಳ ಮುಂದಿಡುವುದು. ಯಾವ ಗಾಡಿ ಮೊದಲು ಹೊರಡುವುದು, ಯಾವುದು ಬೇಗ ಮುಟ್ಟುವುದು ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಇಡಿಯ ತರಗತಿಯೊಡನೆ ಬಿಡಿಸುವುದು. ಅನಂತರ ಅಂತಹುದೇ ಇನ್ನೊಂದು ಲೆಕ್ಕವನ್ನು ಒಬ್ಬೊಬ್ಬನೂ ತಾನೇ ಬಿಡಿಸುವುದು. ಗುಣಗಳು ಉತ್ತರದ ಅರ್ಥಕ್ಕೆ, ವಾಕ್ಯದ ಅಂದಕ್ಕಲ್ಲ. ಹುಡುಗನು ಸೊಟ್ಟಗೆ ನುಡಿದರೆ ಗುರುವು ಜರೆಯದೆ, ಮಾತಿನ ಓಟದಲ್ಲಿಯೇ ಅದನ್ನು ಸರಿಯಾಗಿ ನುಡಿದು ಮುಂದುವರಿಯುವನು. ತಿಳಿವು ಮೊದಲು, ಮಾತು ಆಮೇಲೆ. ಯಾರನ್ನೂ ಬಲವಂತದಿಂದ ಮಾತನಾಡಿಸಲಿಲ್ಲ. ಇದಕ್ಕೆ ಬೇಕಾದುದು ಕರಿಹಲಗೆ, ಸೀಮೆಸುಣ್ಣ, ಕಾಗದ ಇಷ್ಟೇ. ಪ್ರಭು ಅವರು ಈ ಅನುಭವವನ್ನು 1987ರಲ್ಲಿ ಗ್ರಂಥರೂಪಕ್ಕೆ ತಂದರು. ಬೆಂಗಳೂರಿನ ಪ್ರಯೋಗವೆಂದು ಅದನ್ನು ಇಂದಿಗೂ ಬೇರೆ ಬೇರೆ ದೇಶಗಳ ಭಾಷಾಶಿಕ್ಷಕರು ಅಭ್ಯಸಿಸುತ್ತಾರೆ.

ಈ ಇಬ್ಬರ ಮಾತುಗಳನ್ನು ಕೂಡಿಸಿ ನೋಡಿದರೆ ಹೊರಡುವ ತತ್ತ್ವವು ಒಂದೇ: ಇಂದು ಕಲಿಸಿದುದು ಇಂದಿಗೇ ಕೆಲಸಕ್ಕೆ ಬರಬೇಕು. ನಾಳೆ ಶಾಲೆ ಬಿಡುವವನೂ ಬರಿಗೈಯಲ್ಲಿ ಹೋಗಬಾರದು. ಔಷಧಿಯ ಸೀಸೆಯ ಮೇಲಿನ ಚೀಟಿ, ಬೆಳೆಗೆ ಸಿಂಪಡಿಸುವ ವಿಷದ ಡಬ್ಬಿಯ ಎಚ್ಚರಿಕೆ, ಬ್ಯಾಂಕಿನ ಅರ್ಜಿ, ರೈಲಿನ ವೇಳಾಪಟ್ಟಿ—ಇವೇ ಮೊದಲ ಪಠ್ಯಗಳಾಗಲಿ. ಇವನ್ನು ಓದಿ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಸಬಲ್ಲ ಮಗುವಿಗೆ ತನ್ನ ವಿದ್ಯೆಯ ಬೆಲೆ ಅಂದೇ ತಿಳಿಯುತ್ತದೆ. ಭಯವೂ ಅಂದೇ ಅಳಿಯುತ್ತದೆ. ವ್ಯಾಕರಣವು ಬೇಡವೆಂದು ನಾನು ಹೇಳುವುದಿಲ್ಲ. ಈಜು ಕಲಿಯುವವನು ಮೊದಲು ನೀರಿಗಿಳಿಯಲಿ, ಕೈಬೀಸುವ ಲಕ್ಷಣವನ್ನು ನೀರಿನಲ್ಲಿಯೇ ತಿದ್ದೋಣ ಎನ್ನುತ್ತೇನೆ.

ಹೆತ್ತವರಿಗೆ ಒಂದು ಬಿನ್ನಹ. ಇಂಗ್ಲಿಷು ಬರಲೆಂದು ಮನೆಯಲ್ಲಿ ಕನ್ನಡವನ್ನು ಬಿಡಿಸಬೇಡಿರಿ. ಒಂದು ನುಡಿಯಲ್ಲಿ ಚೆನ್ನಾಗಿ ಯೋಚಿಸಬಲ್ಲವನು ಇನ್ನೊಂದನ್ನು ಆಧಾರದ ಮೇಲೆ ಕಟ್ಟುತ್ತಾನೆ. ಒಂದೂ ನಿಲ್ಲದವನಿಗೆ ಎರಡೂ ಜಾರುತ್ತವೆ. ಮೈಸೂರಿನಲ್ಲಿ ಇಂಗ್ಲಿಷು ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಗ್ರಂಥದಿಂದ ಕನ್ನಡ ಕವಿತೆಗೇ ಹೊಸ ಹಾದಿಯನ್ನು ತೆರೆದರು. ಪರನುಡಿಯ ಕಲಿಕೆಯು ಹೀಗೆ ಮನೆಗೆ ಸಂಪತ್ತನ್ನು ತರಬೇಕು, ಮನೆಯನ್ನು ಬಿಡಿಸಬಾರದು.

ಪ್ರಸಾದನಿಲಯಗಳಲ್ಲಿ ದಿನವೂ ಸಂಜೆ ಅರ್ಧ ತಾಸು, ದೊಡ್ಡ ತರಗತಿಯವರು ಚಿಕ್ಕವರನ್ನು ಕೂಡಿಸಿಕೊಂಡು ಇಂತಹ ಒಂದು ಪತ್ರವನ್ನೋ ಪಟ್ಟಿಯನ್ನೋ ಅರ್ಥಮಾಡಿಸುವ ಏರ್ಪಾಡು ಆದರೆ ಬಹಳ ಉಪಕಾರವಾದೀತು. ಹಣದ ವೆಚ್ಚವಿಲ್ಲ, ಮನಸ್ಸಿನ ವೆಚ್ಚವೊಂದೇ. ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸುವ ಶ್ರೀಮಠಕ್ಕೆ ಇದು ಭಾರವಲ್ಲ. ಪಂಕ್ತಿಯ ಕೊನೆಯಲ್ಲಿ ಕುಳಿತ ಮಗುವಿನ ಎಲೆಗೂ ಈ ವಿದ್ಯೆಯು ಬೀಳಲಿ ಎಂದು ಪ್ರಾರ್ಥಿಸುತ್ತೇನೆ.