ಗಡಿನಾಡಿನ ಶಾಲೆಯಲ್ಲಿ ಪಾಠಗಳ ಹಾಸುಹೊಕ್ಕು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡ ಕನ್ನಡಿಗರು ಒಂದೆಡೆ ಸೇರಿದಾಗ ಭಾಷಾಭಿಮಾನದ ಮಾತು ಬರುವುದು ಸಹಜ. ಅದನ್ನು ನನಗಿಂತ ಸೊಗಸಾಗಿ ಆಡಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ನಾನು ಅರಿಕೆ ಮಾಡಿಕೊಳ್ಳಬೇಕೆಂದಿರುವ ವಿಷಯ ಅಷ್ಟು ಎತ್ತರದ್ದಲ್ಲ. ಸೋಮವಾರದಿಂದ ಶನಿವಾರದವರೆಗೆ ಶಾಲೆಯಲ್ಲಿ ಗಣಿತ, ವಿಜ್ಞಾನ, ಸಮಾಜ, ಕನ್ನಡ ಈ ಪಾಠಗಳನ್ನು ಒಂದಕ್ಕೊಂದು ಹೇಗೆ ಹೊಂದಿಸಿಕೊಳ್ಳಬೇಕೆಂಬುದಷ್ಟೇ ಅದು. ಆದರೆ ನಮ್ಮ ಮಕ್ಕಳ ಕನ್ನಡದ ಅಳಿವು ಉಳಿವು ಬಹುಮಟ್ಟಿಗೆ ಈ ಸಣ್ಣ ವಿಷಯವನ್ನೇ ಅವಲಂಬಿಸಿದೆಯೆಂದು ನನ್ನ ನಂಬಿಕೆ.

ನಮ್ಮ ಪ್ರಾಂತದ ಇತಿಹಾಸ ತಮಗೆ ವಿದಿತವೇ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವೂ 1956ರ ನವೆಂಬರ್ 1ರಂದು ಆಂಧ್ರ ಪ್ರದೇಶವೂ ರಚಿತವಾದಾಗ ನಮ್ಮ ಅನಂತಪುರ ಜಿಲ್ಲೆ ಅವುಗಳಲ್ಲಿ ಸೇರಿತು. 2022ರ ಏಪ್ರಿಲ್ 4ರಿಂದ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸಂದಿವೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಎಲ್ಲೆಗಳು ಹೀಗೆ ಬದಲಾಗುತ್ತ ಬಂದರೂ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಮನೆಮಾತು ಬದಲಾಗಲಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ಅನುಕೂಲ ಕಲ್ಪಿಸಬೇಕೆಂದು ವಿಧಿಸಿದೆ. ಸಂವಿಧಾನ ಬಾಗಿಲನ್ನು ತೆರೆದಿಟ್ಟಿದೆ. ಒಳಗೆ ದೀಪ ಹಚ್ಚುವ ಕೆಲಸ ಶಾಲೆಯದು, ಮನೆಯದು.

ಈಗ ತಾಯಂದಿರು ಕೇಳುವ ಒಂದು ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತೇನೆ. “ಮೇಷ್ಟ್ರೇ, ಹತ್ತನೆಯ ತರಗತಿ ಮುಗಿದ ಮೇಲೆ ಇಂಗ್ಲಿಷೋ ತೆಲುಗೋ ತಾನೆ? ಕನ್ನಡದಲ್ಲಿ ಓದಿದ್ದು ಆಗ ಏನು ಉಪಯೋಗಕ್ಕೆ ಬರುತ್ತದೆ?” ಈ ಪ್ರಶ್ನೆಯಲ್ಲಿ ಅಭಿಮಾನಶೂನ್ಯತೆಯಿಲ್ಲ, ಮಗುವಿನ ಮೇಲಿನ ಮಮತೆಯಿದೆ. ಇದಕ್ಕೆ ಭಾಷಣದಿಂದ ಉತ್ತರ ಹೇಳಲಾಗದು, ಪಾಠದಿಂದ ಹೇಳಬೇಕು. ಕನ್ನಡವೆಂದರೆ ಪದ್ಯ ಕಂಠಪಾಠ ಮಾಡುವ ಒಂದು ಅವಧಿ, ವಿಜ್ಞಾನವೆಂದರೆ ಅರ್ಥವಾಗದ ಶಬ್ದಗಳನ್ನು ಉರುಹೊಡೆಯುವ ಮತ್ತೊಂದು ಅವಧಿ ಎಂದು ಮಗುವಿಗೆ ತೋರಿದರೆ, ತಿಳಿವಳಿಕೆಯೆಂಬುದು ಬೇರೆ ಯಾವುದೋ ಭಾಷೆಯಲ್ಲಿದೆಯೆಂದು ಅದು ನಿಶ್ಚಯಿಸಿಕೊಳ್ಳುತ್ತದೆ. ಕನ್ನಡದಲ್ಲಿ ತಾನೇ ಅಳೆದು, ಎಣಿಸಿ, ಕಾರಣ ಹೇಳಿ ಕಲಿತ ಮಗು ಆ ತಿಳಿವಳಿಕೆಯನ್ನು ನಾಳೆ ಮತ್ತೊಂದು ಭಾಷೆಗೆ ಕೊಂಡೊಯ್ಯಬಲ್ಲದು. ಅರ್ಥವಾದುದನ್ನು ಹೊತ್ತೊಯ್ಯಬಹುದು, ಅರ್ಥವಾಗದುದು ಯಾವ ಭಾಷೆಯಲ್ಲಿದ್ದರೂ ಬರಿಯ ಹೊರೆಯೇ.

ಗಡಿನಾಡಿನ ಮಗುವಿಗೆ ಒಂದು ವಿಶೇಷ ತೊಡಕುಂಟು. ಕನ್ನಡ ಪುಸ್ತಕದಲ್ಲಿ ‘ರಾಷ್ಟ್ರ’ವೆಂದರೆ ಭಾರತದಂಥ ದೇಶ. ಬೀದಿಯಲ್ಲಿ ಕೇಳುವ ತೆಲುಗಿನಲ್ಲಿ ‘ರಾಷ್ಟ್ರ’ವೆಂದರೆ ಆಂಧ್ರ ಪ್ರದೇಶದಂಥ ರಾಜ್ಯ. ನಮ್ಮಲ್ಲಿ ‘ಆಗ್ರಹ’ವೆಂದರೆ ಒತ್ತಾಯ, ಅಲ್ಲಿ ಕೋಪ. ನಮ್ಮ ‘ವಿಸ್ತೀರ್ಣ’ ಅಲ್ಲಿ ‘ವೈಶಾಲ್ಯ’; ನಮ್ಮ ‘ದ್ಯುತಿಸಂಶ್ಲೇಷಣೆ’ ಅಲ್ಲಿ ‘ಕಿರಣಜನ್ಯ ಸಂಯೋಗಕ್ರಿಯೆ’. ಸಮಾಜ ಪಾಠದಲ್ಲಿ ‘ರಾಷ್ಟ್ರದ ಮುಖ್ಯಸ್ಥರು ಯಾರು?’ ಎಂಬ ಪ್ರಶ್ನೆಗೆ ಹುಡುಗ ಮುಖ್ಯಮಂತ್ರಿಯ ಹೆಸರನ್ನು ಬರೆದರೆ ಅವನಿಗೆ ಸಮಾಜ ಪಾಠ ಬಾರದೆಂದು ತೀರ್ಮಾನಿಸಬಾರದು. ಎರಡು ಭಾಷೆಗಳ ನಡುವಿನ ಹೊಸ್ತಿಲಲ್ಲಿ ಅವನು ಎಡವಿದ್ದಾನೆ, ಅಷ್ಟೆ. ಆ ಹೊಸ್ತಿಲನ್ನು ತೋರಿಸಿಕೊಡುವ ಹೊಣೆ ಯಾವ ಒಂದು ವಿಷಯದ ಉಪಾಧ್ಯಾಯರದೂ ಅಲ್ಲ, ಎಲ್ಲರದೂ ಹೌದು. ಆದುದರಿಂದಲೇ ನಮ್ಮ ಶಾಲೆಗಳಲ್ಲಿ ಪಾಠಯೋಜನೆಯನ್ನು ಒಬ್ಬೊಬ್ಬರೇ ಬರೆದರೆ ಸಾಲದು, ಕೂಡಿ ಬರೆಯಬೇಕು.

ಪಾಠಯೋಜನೆ ಹೊಸ ವಿದ್ಯೆಯಲ್ಲ. ಜರ್ಮನಿಯ ಹರ್ಬಾರ್ಟನ (1776–1841) ಅನುಯಾಯಿಗಳು ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಪ್ರಯೋಗ ಎಂಬ ಐದು ಮೆಟ್ಟಿಲುಗಳನ್ನು ಹಾಕಿಕೊಟ್ಟರು. ಮೊದಲ ಮೆಟ್ಟಿಲಿನ ತತ್ತ್ವವೇನೆಂದರೆ, ಮಗು ಆಗಲೇ ಬಲ್ಲುದರಿಂದ ಪಾಠ ಹೊರಡಬೇಕು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು ಮಾತೃಭಾಷೆಯಲ್ಲಿಯೇ ಶಿಕ್ಷಣ ನಡೆಯಬೇಕೆಂದೂ ಒಂದು ಕೈಕಸುಬನ್ನು ನಡುವಿಟ್ಟು ಉಳಿದ ವಿಷಯಗಳನ್ನು ಅದರೊಡನೆ ಹೆಣೆಯಬೇಕೆಂದೂ ಸೂಚಿಸಿತು. ಅಲ್ಲಿ ನೂಲುವ ರಾಟೆಗೆ ಸಂದ ಸ್ಥಾನವನ್ನು ನಮ್ಮಲ್ಲಿ ಯಾವುದಕ್ಕೆ ಕೊಡಬಹುದು? ನನ್ನ ಉತ್ತರ ಇದು: ರೇಷ್ಮೆ ಹುಳುವಿಗೆ.

ಒಂದು ವಾರದ ಯೋಜನೆಯನ್ನು ತಮ್ಮ ಮುಂದಿಡುತ್ತೇನೆ. ಸೋಮವಾರ ವಿಜ್ಞಾನದ ಉಪಾಧ್ಯಾಯರು ಹುಳುವಿನ ಜೀವನಚಕ್ರವನ್ನು ಆರಂಭಿಸಲಿ. ಮೊಟ್ಟೆಯೊಡೆದ ಹುಳು ಸುಮಾರು 25 ದಿನ ಸೊಪ್ಪು ತಿಂದು, ನಡುವೆ ನಾಲ್ಕು ಬಾರಿ ಪೊರೆ ಬಿಟ್ಟು, ಐದು ಹಂತಗಳಲ್ಲಿ ಬೆಳೆದು, ತನ್ನ ಮೊದಲ ತೂಕದ ಸುಮಾರು 10,000 ಪಟ್ಟು ತೂಗುತ್ತದೆ. ಪೊರೆ ಬಿಡುವುದಕ್ಕೆ ಪುಸ್ತಕದಲ್ಲಿ ಒಂದು ಸಂಸ್ಕೃತ ಪದವಿರುತ್ತದೆ. ಹುಳು ಸಾಕುವ ಮನೆಯ ಹುಡುಗಿಯಾದರೋ “ಹುಳು ಜ್ವರಕ್ಕೆ ಕೂತಿದೆ” ಎನ್ನುತ್ತಾಳೆ. ಚಾಕಿ, ಜ್ವರ, ಹಣ್ಣಾದ ಹುಳು, ಚಂದ್ರಿಕೆ, ಗೂಡು, ಇವು ಅವಳ ಮನೆಯ ಶಬ್ದಗಳು. ಅವಳ ಶಬ್ದವನ್ನು ಮೊದಲು ಹಲಗೆಯ ಮೇಲೆ ಬರೆದು, ಪುಸ್ತಕದ ಶಬ್ದವನ್ನು ಅದರ ಪಕ್ಕದಲ್ಲಿರಿಸಿದರೆ ಅವಳು ಅಂದು ವಿಜ್ಞಾನದ ತರಗತಿಯಲ್ಲಿ ಅತಿಥಿಯಲ್ಲ, ಮನೆಯವಳು.

ಮಂಗಳವಾರ, ಬುಧವಾರ ಗಣಿತ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಐದನೆಯ ಹಂತದಲ್ಲಿಯೇ ಮುಗಿಯುತ್ತದೆ. ಇದು ಶೇಕಡಾ ಲೆಕ್ಕ. ಒಂದು ಕಿಲೋ ರೇಷ್ಮೆ ನೂಲು ತೆಗೆಯಲು ತಳಿಗೂ ಗುಣಕ್ಕೂ ತಕ್ಕಂತೆ ಸುಮಾರು 6ರಿಂದ 9 ಕಿಲೋ ಗೂಡು ಬೇಕು, ಇದು ಅನುಪಾತ. ಹಿಪ್ಪುನೇರಳೆ ತೋಟದ ಉದ್ದಗಲಗಳಿಂದ ವಿಸ್ತೀರ್ಣವನ್ನೂ ಆರು ದಿನಗಳ ಗೂಡಿನ ಧಾರಣೆಯಿಂದ ಸರಾಸರಿಯನ್ನೂ ಮಕ್ಕಳು ಕಂಡುಹಿಡಿಯಲಿ. ಗುರುವಾರ ಸಮಾಜ ಪಾಠ. ಚೀಣಾ ದೇಶದಲ್ಲಿ ಹುಟ್ಟಿದ ಈ ವಿದ್ಯೆಗೆ 18ನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು ನೀಡಿದ ಆಶ್ರಯ, ಹಿಂದೂಪುರ, ಶಿಡ್ಲಘಟ್ಟ, ರಾಮನಗರಗಳ ಗೂಡಿನ ಮಾರುಕಟ್ಟೆಗಳು, ಧರ್ಮಾವರದ ಮಗ್ಗಗಳು, ಇವೆಲ್ಲವನ್ನೂ ಒಂದು ಭೂಪಟದಲ್ಲಿ ಗುರುತಿಸಿದರೆ ರಾಜ್ಯದ ಎಲ್ಲೆಯನ್ನು ದಾಟಿ ಜೀವನೋಪಾಯ ಹೇಗೆ ಹರಿಯುತ್ತದೆಂಬುದು ಮಗುವಿಗೆ ಕಾಣುತ್ತದೆ.

ಶುಕ್ರವಾರ ನನ್ನ ಸರದಿ, ಎಂದರೆ ಕನ್ನಡದ್ದು. ಹುಳು ಸಾಕುವ ಕ್ರಮವನ್ನು ಹತ್ತು ವಾಕ್ಯಗಳಲ್ಲಿ, ಮೊದಲು ಏನು, ಆಮೇಲೆ ಏನು, ಏಕೆ ಎಂಬ ಸಂಬಂಧ ತಪ್ಪದಂತೆ ಬರೆಯಿಸುವುದು. ‘ಆದುದರಿಂದ’, ‘ಆದರೂ’, ‘ಇಲ್ಲದಿದ್ದರೆ’ ಎಂಬ ಅವ್ಯಯಗಳು ವ್ಯಾಕರಣದ ಪಟ್ಟಿಯಿಂದ ಇಳಿದುಬಂದು ಇಲ್ಲಿ ಕೆಲಸ ಮಾಡುತ್ತವೆ. ಶನಿವಾರ ಮಕ್ಕಳು ತಮ್ಮ ಶಬ್ದಕೋಶದ ಪುಸ್ತಕದಲ್ಲಿ ಮೂರು ಸಾಲುಗಳನ್ನು ಎಳೆದು ಆ ವಾರದ ಶಬ್ದಗಳನ್ನು ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಬರೆದುಕೊಳ್ಳಲಿ. ವಾರಕ್ಕೆ ಹತ್ತು ಶಬ್ದಗಳಾದರೂ ಮೂವತ್ತು ವಾರಗಳಿಗೆ ಮುನ್ನೂರು. ಕಾಲೇಜಿನ ಮೆಟ್ಟಿಲು ಹತ್ತುವ ದಿನ ಈ ಪುಸ್ತಕವೇ ಅವರಿಗೆ ಊರುಗೋಲು.

ಒಬ್ಬರೋ ಇಬ್ಬರೋ ಉಪಾಧ್ಯಾಯರು ಐದು ತರಗತಿಗಳನ್ನು ನೋಡಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ ಇದೆಲ್ಲ ಸಾಧ್ಯವೆ ಎಂದು ಮಿತ್ರರು ಕೇಳಬಹುದು. ಅಲ್ಲಿಯೇ ಇದು ಹೆಚ್ಚು ಸುಲಭ. ಒಂದೇ ಎಳೆಯನ್ನು ಹಿಡಿದು, ಒಂದನೆಯ ತರಗತಿಯವರು ಗೂಡುಗಳನ್ನು ಹತ್ತರ ಗುಂಪು ಮಾಡಿ ಎಣಿಸಲಿ, ಮೂರನೆಯವರು ತೂಗಲಿ, ಐದನೆಯವರು ಬೆಲೆ ಕಟ್ಟಲಿ. ಕಲ್ಯಾಣದುರ್ಗದ ಕಡೆ ಹುಳುವಿಗಿಂತ ಕಡಲೆಕಾಯಿ ಪರಿಚಿತವಾಗಿದ್ದರೆ ಎಳೆ ಅದೇ ಆಗಲಿ. ಹಿಂದೂಪುರದ ಸಂತೆಯ ಹುಣಿಸೆಯೂ ಆದೀತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೆಣೆಯಬೇಕೆಂಬ ಹುರುಪಿನಲ್ಲಿ ಹೊಂದದುದನ್ನು ಹೊಂದಿಸಬಾರದು. ಲೇಪಾಕ್ಷಿಯ ನಂದಿಯನ್ನು ಅಳೆಯಿಸಿ ಉದ್ದ ಎತ್ತರಗಳನ್ನು ಕಲಿಸಬಹುದು, ಗುಡಿಯ ಕನ್ನಡ ಶಾಸನಗಳನ್ನು ತೋರಿಸಿ ಲಿಪಿಯ ಚರಿತ್ರೆಯನ್ನು ಹೇಳಬಹುದು. ಬೀಜಗಣಿತದ ಸಮೀಕರಣವನ್ನು ಆ ನಂದಿಯ ಕೊರಳಗಂಟೆಗೆ ಕಟ್ಟಲಾಗದು. ಭಿನ್ನರಾಶಿಗೆ ಅಭ್ಯಾಸ ಬೇಕು, ಮಗ್ಗಿಗೆ ಬಾಯಿಪಾಠ ಬೇಕು, ಅವಕ್ಕೆ ಅವುಗಳದೇ ಹೊತ್ತು ಸಲ್ಲಬೇಕು. ತಿಂಗಳಿಗೊಂದು ವಾರ ಇಂಥ ಕೂಡುಪಾಠ ನಡೆದರೆ ಸಾಕು. ಉಳಿದ ವಾರಗಳಲ್ಲಿ ಸಹೋದ್ಯೋಗಿಗಳು ಅರ್ಧ ಗಂಟೆ ಒಟ್ಟಿಗೆ ಕುಳಿತು, “ಬರುವ ವಾರ ನಿಮ್ಮ ಪಾಠದಲ್ಲಿ ಯಾವ ಶಬ್ದಗಳು ಬರುತ್ತವೆ?” ಎಂದು ಪರಸ್ಪರ ಕೇಳಿಕೊಂಡರೂ ಎಷ್ಟೋ ಲಾಭವುಂಟು.

ಕೊನೆಯದಾಗಿ ಎರಡು ಬಿನ್ನಹ. ತಂದೆತಾಯಿಗಳಲ್ಲಿ: ಸಂಜೆ ಮಗುವನ್ನು “ಎಷ್ಟು ಅಂಕ ಬಂತು?” ಎಂದು ಕೇಳುವ ಮೊದಲು “ಇವತ್ತು ಏನು ತಿಳಿಯಿತು, ನನಗೂ ಹೇಳು” ಎಂದು ಕೇಳಿರಿ, ಅದು ಕನ್ನಡದಲ್ಲಿ ಹೇಳಲಿ. ನೀವು ಓದಿದವರಾಗಬೇಕಿಲ್ಲ, ಹುಳು, ಹೊಲ, ಸಂತೆಗಳ ಶಬ್ದಗಳಲ್ಲಿ ನೀವೇ ನಮಗೆ ಗುರುಗಳು. ಸಂಘದ ಹಿರಿಯರಲ್ಲಿ: ವರ್ಷಕ್ಕೊಮ್ಮೆ ನಡೆಯುವ ಉತ್ಸವದ ಜೊತೆಗೆ ನಮ್ಮ ಶಾಲೆಗಳ ಮಕ್ಕಳು ಕೂಡಿಹಾಕಿದ ಮುಮ್ಮಾತಿನ ಶಬ್ದಗಳನ್ನು ಒಂದು ಸಣ್ಣ ಹೊತ್ತಗೆಯಾಗಿ ಅಚ್ಚು ಹಾಕಿಸಿ ಹಂಚುವ ಕೆಲಸವನ್ನು ಕೈಗೊಳ್ಳಬೇಕು. ಬಾವುಟ ಹಾರಿಸಿದಷ್ಟೇ ಪುಣ್ಯ ಅದರಲ್ಲಿಯೂ ಇದೆ.